ಆಕಾಶದ ದೀಪಕ್ಕೆ ಎಣ್ಣೆ ಯಾರದು?

ಆಫ್ರಿಕಾ ಖಂಡದ ವಾಯವ್ಯ ಮೂಲೆಯಲ್ಲಿ, ಮೊರಾಕ್ಕೊ ದೇಶದ ಟ್ಯಾಂಜಿಯರ್ ಪಟ್ಟಣದ ಪಕ್ಕದಲ್ಲಿ, ಕೇಪ್ ಸ್ಪಾರ್ಟೆಲ್ ಎಂಬ ಭೂಶಿರವಿದೆ. ಅಟ್ಲಾಂಟಿಕ್ ಸಾಗರದಿಂದ ಜಿಬ್ರಾಲ್ಟರ್ ಜಲಸಂಧಿಯನ್ನು ಹೊಕ್ಕು ಮೆಡಿಟರೇನಿಯನ್ ಸೇರುವ ಹಡಗುಗಳಿಗೆ ಅದು ತಿರುವಿನ ಗುರುತು. ಹಗಲಲ್ಲಿ ಗುರುತು, ಕತ್ತಲಲ್ಲಿ ಗಂಡಾಂತರ. 1860ರಲ್ಲಿ ಬ್ರೆಜಿಲ್ ನೌಕಾಪಡೆಯ ಹಡಗೊಂದು ಅಲ್ಲಿ ಒಡೆದು ಬಹಳ ಮಂದಿ ನೀರುಪಾಲಾದರು. ಆಮೇಲೆ ಮೊರಾಕ್ಕೊದ ಸುಲ್ತಾನ ತನ್ನ ಬೊಕ್ಕಸದ ಹಣದಿಂದಲೇ ಅಲ್ಲೊಂದು ದೀಪಸ್ತಂಭ ಕಟ್ಟಿಸಿದ. 1864ರಲ್ಲಿ ಅದರ ದೀಪ ಹೊತ್ತಿತು.

ಕಟ್ಟಿಸುವುದು ಒಂದು ಸಲದ ಖರ್ಚು. ಎಣ್ಣೆ, ಬತ್ತಿ, ರಾತ್ರಿಯಿಡೀ ಎದ್ದಿರುವ ಕಾವಲುಗಾರರ ಸಂಬಳ, ಇವು ಪ್ರತಿ ವರ್ಷದ ಖರ್ಚು. ಸುಲ್ತಾನನಿಗೆ ಆಗ ಯುದ್ಧದ ಹಡಗೂ ಇರಲಿಲ್ಲ, ವ್ಯಾಪಾರದ ಹಡಗೂ ಇರಲಿಲ್ಲ. ಬೇರೆಯವರ ಹಡಗುಗಳಿಗಾಗಿ ಅವನು ವರ್ಷವರ್ಷವೂ ಯಾಕೆ ಎಣ್ಣೆ ಸುಡಬೇಕು? ಈ ಪ್ರಶ್ನೆಗೆ ಉತ್ತರವಾಗಿ 1865ರ ಮೇ 31ರಂದು ಟ್ಯಾಂಜಿಯರ್‌ನಲ್ಲಿ ಒಂದು ಒಪ್ಪಂದವಾಯಿತು. ಅಮೆರಿಕ, ಬ್ರಿಟನ್, ಫ್ರಾನ್ಸ್, ಸ್ಪೇನ್, ಪೋರ್ಚುಗಲ್, ಇಟಲಿ, ಆಸ್ಟ್ರಿಯಾ, ಬೆಲ್ಜಿಯಂ, ನೆದರ್‌ಲೆಂಡ್ಸ್, ಆಗ ಒಂದೇ ಅರಸನ ಕೆಳಗಿದ್ದ ಸ್ವೀಡನ್-ನಾರ್ವೆ, ಇವೆಲ್ಲ ಮೊರಾಕ್ಕೊದೊಡನೆ ಸಹಿ ಹಾಕಿದವು. ದೀಪದ ನಿರ್ವಹಣೆಯ ಖರ್ಚನ್ನು ಈ ದೇಶಗಳು ವರ್ಷಕ್ಕೊಮ್ಮೆ ವಂತಿಗೆಯಾಗಿ ಕೊಡಬೇಕು. ದೊಡ್ಡ ದೇಶ, ಚಿಕ್ಕ ದೇಶ ಎನ್ನದೆ ಎಲ್ಲರಿಗೂ ಸಮಪಾಲು. ಮುಂದೆ ಸುಲ್ತಾನನಿಗೆ ಸ್ವಂತ ಹಡಗುಗಳು ಬಂದರೆ ಅವನೂ ಅಷ್ಟೇ ಪಾಲು ಕೊಡಬೇಕು. ಆಡಳಿತವನ್ನು ಟ್ಯಾಂಜಿಯರ್‌ನಲ್ಲಿರುವ ಆ ದೇಶಗಳ ಪ್ರತಿನಿಧಿಗಳು ನೋಡಿಕೊಳ್ಳಬೇಕು.

ಈ ಒಪ್ಪಂದದ ಇನ್ನೊಂದು ಕಲಮಿನ ಬಗ್ಗೆ ನನಗೆ ಬಹಳ ಗೌರವ. ಸಹಿ ಹಾಕಿದ ದೇಶಗಳು ಮುಂದೆ ತಮ್ಮತಮ್ಮಲ್ಲೇ ಯುದ್ಧಕ್ಕೆ ನಿಂತರೂ, ಮೊರಾಕ್ಕೊದ ಮೇಲೆಯೇ ಯುದ್ಧ ಸಾರಿದರೂ, ದೀಪದ ತಟಸ್ಥತೆಯನ್ನು ಗೌರವಿಸಬೇಕು, ವಂತಿಗೆ ನಿಲ್ಲಿಸಕೂಡದು ಎಂದು ಅದು ಹೇಳುತ್ತದೆ. ಅಂದರೆ ಶತ್ರುವಿನ ಹಡಗಿಗೆ ದಾರಿ ತೋರಿಸುವ ದೀಪಕ್ಕೂ ನನ್ನ ಹಣದ ಎಣ್ಣೆ ಉರಿಯಲಿ ಎಂದು ರಾಜ್ಯಗಳು ಕಾಗದದ ಮೇಲೆ ಬರೆದುಕೊಟ್ಟವು. ಆ ವ್ಯವಸ್ಥೆ ಎರಡು ಮಹಾಯುದ್ಧಗಳನ್ನು ದಾಟಿ, 1958ರಲ್ಲಿ ಸ್ವತಂತ್ರ ಮೊರಾಕ್ಕೊ ದೀಪವನ್ನು ತನ್ನ ಕೈಗೆ ತೆಗೆದುಕೊಳ್ಳುವವರೆಗೂ ನಡೆಯಿತು.

ಇಂದು ನಮಗೆ ದಾರಿ ತೋರಿಸುವ ದೀಪಗಳು ಆಕಾಶದಲ್ಲಿವೆ. ಅಮೆರಿಕದ ಜಿಪಿಎಸ್, ರಷ್ಯಾದ ಗ್ಲೊನಾಸ್, ಯುರೋಪಿನ ಗೆಲಿಲಿಯೊ, ಚೀನಾದ ಬೈದೌ ಇಡೀ ಭೂಮಿಗೆ ಸಂಕೇತ ಕೊಡುತ್ತವೆ. ಜಪಾನಿನ ಕ್ಯೂಝಡ್‌ಎಸ್‌ಎಸ್ ಮತ್ತು ನಮ್ಮ ನಾವಿಕ್ ತಮ್ಮ ಸುತ್ತಿನ ಪ್ರದೇಶಕ್ಕೆ ಕೊಡುತ್ತವೆ. ಮಲ್ಪೆಯಿಂದ ಆಳಸಮುದ್ರಕ್ಕೆ ಹೊರಟ ಬೋಟು, ಕೆಂಪೇಗೌಡ ನಿಲ್ದಾಣದಲ್ಲಿ ಇಳಿಯುವ ವಿಮಾನ, ರೋಗಿಯ ಮನೆ ಹುಡುಕಿ ಬರುವ 108 ಆಂಬುಲೆನ್ಸ್, ಮೊಬೈಲ್ ಟವರು, ವಿದ್ಯುತ್ ಜಾಲ, ಬ್ಯಾಂಕಿನ ಗಡಿಯಾರ, ಎಲ್ಲವೂ ಈ ಸಂಕೇತಗಳ ಮೇಲೆ ಒರಗಿವೆ. ಆದರೆ ಕೇಪ್ ಸ್ಪಾರ್ಟೆಲ್‌ನ ಆ ಹಳೆಯ ಕಾಗದದಂಥ ಒಂದು ಕಾಗದ ಇವುಗಳಲ್ಲಿ ಯಾವುದಕ್ಕೂ ಇಲ್ಲ. ಇವತ್ತಿನ ಮಾತು ಅದರ ಬಗ್ಗೆ. ಈ ದೀಪಗಳಿಗೆ ಎಣ್ಣೆ ಹಾಕುವವರು ಯಾರು? ಆರಿಸುವ ಅಧಿಕಾರ ಯಾರಿಗಿದೆ? ಬೆಳಕಿನಲ್ಲಿ ನಡೆಯುವ ನಮಗೆ ಏನಾದರೂ ಹಕ್ಕಿದೆಯೇ?

ಮೊದಲು ಈ ದೀಪ ಎಂಥದ್ದು ಎಂದು ಎರಡು ಮಾತು. ಇದು ಬೆಳಕಲ್ಲ, ಸಮಯ. ಪ್ರತಿ ಉಪಗ್ರಹದಲ್ಲೂ ಪರಮಾಣು ಗಡಿಯಾರಗಳಿರುತ್ತವೆ. ಉಪಗ್ರಹ ತಾನು ಎಲ್ಲಿದ್ದೇನೆ, ಈಗ ಸಮಯವೆಷ್ಟು ಎಂದು ರೇಡಿಯೊ ತರಂಗದಲ್ಲಿ ಸಾರುತ್ತಲೇ ಇರುತ್ತದೆ. ನಿಮ್ಮ ಕೈಯಲ್ಲಿರುವ ಫೋನು ಕಡಿಮೆಯೆಂದರೆ ನಾಲ್ಕು ಉಪಗ್ರಹಗಳ ಮಾತು ಕೇಳಿ, ಯಾರ ಸಂಕೇತ ಎಷ್ಟು ಹೊತ್ತು ತೆಗೆದುಕೊಂಡು ಬಂತು ಎಂದು ಲೆಕ್ಕ ಹಾಕಿ ತನ್ನ ಜಾಗವನ್ನು ಕಂಡುಕೊಳ್ಳುತ್ತದೆ. ರೇಡಿಯೊ ತರಂಗ ಒಂದು ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲಿನಲ್ಲಿ 300 ಮೀಟರ್ ಓಡುತ್ತದೆ. ಗಡಿಯಾರ ಅಷ್ಟು ತಪ್ಪಿದರೆ ನೀವು ಪಕ್ಕದ ಬೀದಿಯಲ್ಲಿರುತ್ತೀರಿ. ಸುಮಾರು 20,000 ಕಿಲೋಮೀಟರ್ ಅಥವಾ ಅದಕ್ಕೂ ಎತ್ತರದಿಂದ ನೆಲ ಮುಟ್ಟುವ ಹೊತ್ತಿಗೆ ಆ ಸಂಕೇತ ಎಷ್ಟು ಕ್ಷೀಣವಾಗಿರುತ್ತದೆ ಎಂದರೆ, ಒಂದು ವ್ಯಾಟನ್ನು ಕೋಟಿ ಕೋಟಿ ಪಾಲು ಮಾಡಿದಾಗ ಸಿಗುವ ಒಂದು ಪಾಲಿಗಿಂತಲೂ ಕಡಿಮೆ. ಹೀಗಾಗಿ ಅದನ್ನು ಅಡಗಿಸುವುದು ಬಹಳ ಸುಲಭ.

ಜಿಪಿಎಸ್ ಅಮೆರಿಕದ ರಕ್ಷಣಾ ಇಲಾಖೆಯ ಕೂಸು. 1973ರಲ್ಲಿ ಯೋಜನೆ ಶುರುವಾಯಿತು, 1978ರಲ್ಲಿ ಮೊದಲ ಉಪಗ್ರಹ ಹಾರಿತು. ಸೈನ್ಯಕ್ಕೆಂದು ಹುಟ್ಟಿದ ಈ ವ್ಯವಸ್ಥೆ ನಾಗರಿಕರ ಕೈಗೂ ಸಿಗಲಿದೆ ಎಂದು ಅಮೆರಿಕ ಜಗತ್ತಿಗೆ ಭರವಸೆ ಕೊಟ್ಟದ್ದು ಒಂದು ದುರಂತದ ಬೆನ್ನಿಗೆ. 1983ರ ಸೆಪ್ಟೆಂಬರ್ 1ರಂದು ಕೊರಿಯನ್ ಏರ್‌ಲೈನ್ಸ್‌ನ 007 ವಿಮಾನ ದಾರಿ ತಪ್ಪಿ ಸೋವಿಯತ್ ಆಕಾಶವನ್ನು ಹೊಕ್ಕಿತು. ಸೋವಿಯತ್ ಯುದ್ಧವಿಮಾನ ಅದನ್ನು ಹೊಡೆದುರುಳಿಸಿತು. 269 ಜನ ಸತ್ತರು. ಜಿಪಿಎಸ್ ಸಿದ್ಧವಾದ ಮೇಲೆ ಎಲ್ಲ ದೇಶಗಳ ನಾಗರಿಕ ವಿಮಾನಗಳೂ ಅದನ್ನು ಬಳಸಬಹುದು ಎಂದು ಆ ತಿಂಗಳೇ ರೇಗನ್ ಸರ್ಕಾರ ಸಾರಿತು. ವ್ಯವಸ್ಥೆ 1995ರಲ್ಲಿ ಪೂರ್ಣಗೊಂಡಿತು. ಆದರೂ ನಾಗರಿಕರಿಗೆ ಕೊಡುವ ಸಂಕೇತವನ್ನು ಬೇಕೆಂದೇ ಕೆಡಿಸಿ, ನೂರು ಮೀಟರಿನಷ್ಟು ತಪ್ಪು ತೋರುವಂತೆ ಮಾಡಿದ್ದರು. 2000ದ ಮೇ ತಿಂಗಳಲ್ಲಿ ಅಧ್ಯಕ್ಷ ಕ್ಲಿಂಟನ್ ಅದನ್ನು ನಿಲ್ಲಿಸಿದರು. ಒಂದು ರಾತ್ರಿಯಲ್ಲಿ ಇಡೀ ಜಗತ್ತಿನ ಜಿಪಿಎಸ್ ಹಲವು ಪಟ್ಟು ನಿಖರವಾಯಿತು. ಅದು ನಿಜವಾಗಿಯೂ ಉದಾರವಾದ ನಿರ್ಧಾರ. ಜೊತೆಗೇ ಗಮನಿಸಿ: ಒಂದು ದೇಶದ ಅಧ್ಯಕ್ಷರ ಒಂದು ಸಹಿಯಿಂದ ಎಲ್ಲ ದೇಶಗಳ ಭೂಪಟ ಒಂದು ರಾತ್ರಿಯಲ್ಲಿ ಬದಲಾಯಿತು. ಉಳಿದ ದೇಶಗಳು ಬರೀ ನೋಡುತ್ತಿದ್ದವು.

ಜಿಪಿಎಸ್‌ಗೆ ವರ್ಷಕ್ಕೆ ನೂರು ಕೋಟಿ ಡಾಲರಿಗೂ ಹೆಚ್ಚು ಹಣ ಬೇಕು. ಅದರ ಬಹುಪಾಲು ಅಮೆರಿಕದ ಸೇನೆಯ ಬಜೆಟ್ಟಿನಿಂದ ಬರುತ್ತದೆ, ಪ್ರತಿ ವರ್ಷ ಅಲ್ಲಿನ ಕಾಂಗ್ರೆಸ್ ಮಂಜೂರು ಮಾಡುತ್ತದೆ. ಬಳಸುವವರಿಂದ ನೇರ ಶುಲ್ಕ ತೆಗೆದುಕೊಳ್ಳುವುದಿಲ್ಲ ಎಂಬುದು 1996ರಿಂದ ಅವರ ಘೋಷಿತ ನೀತಿ. ಅಯೋವಾದ ರೈತ, ಡೆಟ್ರಾಯಿಟಿನ ಕಾರ್ಮಿಕ ಕಟ್ಟಿದ ತೆರಿಗೆಯಿಂದ ನಮ್ಮೂರಿನ ಟ್ಯಾಕ್ಸಿ ಚಾಲಕನಿಗೆ ದಾರಿ ಕಾಣುತ್ತಿದೆ. ಇದಕ್ಕೆ ಕೃತಜ್ಞತೆ ಇರಬೇಕು, ನನಗಿದೆ. ಅವರಿಗೂ ಲಾಭವಾಗಿದೆ. 1980ರ ದಶಕದಿಂದ ಅಮೆರಿಕದ ಖಾಸಗಿ ವಲಯಕ್ಕೆ ಜಿಪಿಎಸ್‌ನಿಂದ ಸುಮಾರು 1.4 ಲಕ್ಷ ಕೋಟಿ ಡಾಲರ್ ಪ್ರಯೋಜನವಾಗಿದೆ ಎಂದು ಅಲ್ಲಿನ ಸರ್ಕಾರಿ ಮಾನಕ ಸಂಸ್ಥೆ ಮಾಡಿಸಿದ, 2019ರಲ್ಲಿ ಹೊರಬಂದ ಅಧ್ಯಯನ ಅಂದಾಜು ಮಾಡಿತು. ಸೇವೆ ನಿಂತರೆ ದಿನಕ್ಕೆ ನೂರು ಕೋಟಿ ಡಾಲರ್ ನಷ್ಟ ಎಂದೂ ಅದು ಹೇಳಿತು. ಬೇರೆ ದೇಶಗಳಿಗೆ ಆಗುವ ನಷ್ಟ ಆ ಲೆಕ್ಕದಲ್ಲಿ ಸೇರಿಲ್ಲ.

ಎಣ್ಣೆ ಹಾಕುವವನ ಕೈ ಬರಿದಾದರೆ ಏನಾಗುತ್ತದೆ ಎಂಬುದಕ್ಕೆ ಗ್ಲೊನಾಸ್ ಉದಾಹರಣೆ. ಸೋವಿಯತ್ ಒಕ್ಕೂಟ 1982ರಲ್ಲಿ ಅದರ ಮೊದಲ ಉಪಗ್ರಹವನ್ನು ಹಾರಿಸಿತ್ತು. ಒಕ್ಕೂಟ ಒಡೆದ ಮೇಲೂ ರಷ್ಯಾ ಹೇಗೋ ಕಷ್ಟಪಟ್ಟು 1990ರ ದಶಕದ ನಡುವಿನಲ್ಲಿ 24 ಉಪಗ್ರಹಗಳ ಪೂರ್ಣ ಸಾಲನ್ನು ನಿಲ್ಲಿಸಿತು. ಆದರೆ ಆ ಕಾಲದ ಉಪಗ್ರಹಗಳ ಆಯುಸ್ಸು ಮೂರು ವರ್ಷಗಳಿಗೆಂದು ಲೆಕ್ಕ ಹಾಕಿದ್ದು. ಹಳೆಯವು ಸಾಯುತ್ತ ಹೋದವು, ಹೊಸವಕ್ಕೆ ಹಣವಿರಲಿಲ್ಲ. 2001ರ ಹೊತ್ತಿಗೆ ಕೆಲಸ ಮಾಡುತ್ತಿದ್ದವು ಏಳರ ಆಸುಪಾಸು. ಅದೇ ರಷ್ಯಾ 1996ರಲ್ಲಿ ಐಕಾವೊಗೆ, ಅಂದರೆ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಗೆ, 15 ವರ್ಷ ಉಚಿತವಾಗಿ ಸೇವೆ ಕೊಡುತ್ತೇವೆ ಎಂದು ಬರೆದುಕೊಟ್ಟಿತ್ತು. ಉದ್ದೇಶ ಪ್ರಾಮಾಣಿಕವೇ ಇದ್ದಿರಬಹುದು. ಖಜಾನೆ ಖಾಲಿಯಾದಾಗ ಕಾಗದ ಉಪಗ್ರಹವಾಗಲಿಲ್ಲ. ಕಚ್ಚಾ ತೈಲದ ಬೆಲೆ ಏರಿ, ಸರ್ಕಾರ ವಿಶೇಷ ಕಾರ್ಯಕ್ರಮ ರೂಪಿಸಿ ಹಣ ಸುರಿದ ಮೇಲೆ 2011ರಲ್ಲಿ ಮತ್ತೆ ಪೂರ್ಣ ಸೇವೆ ಬಂತು.

ಯುರೋಪು ಬೇರೆ ದಾರಿ ಹಿಡಿಯಲು ಹೋಯಿತು. ಗೆಲಿಲಿಯೊ ಸೈನ್ಯದ ಕೈಯಲ್ಲಿ ಇರುವುದಿಲ್ಲ, ನಾಗರಿಕ ಆಡಳಿತದ ಕೆಳಗೆ ಇರುತ್ತದೆ ಎಂಬುದು ಅವರ ಹೆಮ್ಮೆ. ಖರ್ಚಿನ ಮೂರನೇ ಎರಡು ಪಾಲನ್ನು ಖಾಸಗಿ ಕಂಪನಿಗಳು ಹಾಕಲಿ, ಆಮೇಲೆ ಸೇವೆ ಮಾರಿ ಗಳಿಸಿಕೊಳ್ಳಲಿ ಎಂದು ಲೆಕ್ಕ ಹಾಕಿದರು. ಎಂಟು ದೊಡ್ಡ ಕಂಪನಿಗಳ ಒಕ್ಕೂಟದ ಜೊತೆ ವರ್ಷಗಟ್ಟಲೆ ಚೌಕಾಸಿ ನಡೆಯಿತು. ಪಕ್ಕದಲ್ಲಿ ಜಿಪಿಎಸ್ ಪುಕ್ಕಟೆ ಸಿಗುತ್ತಿರುವಾಗ ದುಡ್ಡು ಕೊಟ್ಟು ಕೊಳ್ಳುವವರು ಯಾರು, ನಷ್ಟವಾದರೆ ಹೊರೆ ಯಾರದು ಎಂಬಲ್ಲಿ ಮಾತು ಮುರಿಯಿತು. 2007ರಲ್ಲಿ ಆ ಯೋಜನೆ ಬಿದ್ದುಹೋಯಿತು. ಆ ವರ್ಷದ ಕೊನೆಗೆ ಯುರೋಪಿಯನ್ ಒಕ್ಕೂಟ ಪೂರ್ತಿ ಸಾರ್ವಜನಿಕ ಹಣದಿಂದಲೇ ಕಟ್ಟಲು ನಿರ್ಧರಿಸಿತು. 2013ರವರೆಗಿನ ಅವಧಿಗೆ 340 ಕೋಟಿ ಯೂರೊ. ಕೊರತೆ ಬಿದ್ದ ಹಣದ ಭಾಗವನ್ನು ಕೃಷಿ ಸಬ್ಸಿಡಿಗೆಂದು ಇಟ್ಟು ಖರ್ಚಾಗದೆ ಉಳಿದ ಮೊತ್ತದಿಂದ ತಂದರು. ಆ ಸೋಲನ್ನು ನಾನು ಒಳ್ಳೆಯದೆಂದೇ ಎಣಿಸುತ್ತೇನೆ. ಎಲ್ಲರ ಮೇಲೂ ಬೀಳುವ, ಯಾರನ್ನೂ ಹೊರಗಿಡಲಾಗದ ಸೇವೆಯನ್ನು ಅಂಗಡಿಯಲ್ಲಿಟ್ಟು ಮಾರಲಾಗದು ಎಂಬುದು ಅಲ್ಲಿ ರುಜುವಾತಾಯಿತು. 2016ರ ಡಿಸೆಂಬರ್‌ನಲ್ಲಿ ಗೆಲಿಲಿಯೊ ಸೇವೆ ಶುರು ಮಾಡಿತು.

ಅದೇ ಗೆಲಿಲಿಯೊ ಇನ್ನೊಂದು ಪಾಠವನ್ನೂ ಕಲಿಸಿತು. 2003ರಲ್ಲಿ ಚೀನಾ 20 ಕೋಟಿ ಯೂರೊ ಕೊಡುವುದಾಗಿ ಹೇಳಿ ಪಾಲುದಾರನಾಯಿತು. ನಿರ್ಧಾರ ತೆಗೆದುಕೊಳ್ಳುವ ಕೋಣೆಯಲ್ಲಿ ಅದಕ್ಕೆ ಕುರ್ಚಿ ಸಿಗಲಿಲ್ಲ. ಅದು ಹೊರಗೆ ನಡೆದು, ತನ್ನದೇ ಬೈದೌವನ್ನು ಬೆಳೆಸಿ, 2020ರ ಜುಲೈನಲ್ಲಿ ಜಗತ್ತಿಗೆಲ್ಲ ತೆರೆಯಿತು. ಭಾರತ ಕೂಡ 2005ರಲ್ಲಿ ಗೆಲಿಲಿಯೊ ಜೊತೆ ಸಹಕಾರದ ಮಾತುಕತೆ ನಡೆಸಿತ್ತು, ಮರುವರ್ಷವೇ ನಮ್ಮ ಸರ್ಕಾರ ಸ್ವಂತ ವ್ಯವಸ್ಥೆಗೆ ಮಂಜೂರಾತಿ ಕೊಟ್ಟಿತು. ಬ್ರಿಟನ್ ಗೆಲಿಲಿಯೊಗೆ 120 ಕೋಟಿ ಪೌಂಡ್ ಹಾಕಿತ್ತು. ಯುರೋಪಿಯನ್ ಒಕ್ಕೂಟ ಬಿಟ್ಟ ಮೇಲೆ ಸರ್ಕಾರಗಳಿಗೆ ಮೀಸಲಾದ ಅದರ ಭದ್ರ ಸೇವೆಯ ಬಾಗಿಲು ಬ್ರಿಟನ್ನಿಗೆ ಮುಚ್ಚಿತು. ಸ್ವಂತ ವ್ಯವಸ್ಥೆ ಕಟ್ಟುತ್ತೇವೆ ಎಂದು 2018ರಲ್ಲಿ ಹೇಳಿ, 2020ರಲ್ಲಿ ಕೈಬಿಟ್ಟರು. ವಂತಿಗೆ ಕೊಟ್ಟವರಿಗೆಲ್ಲ ಮಾತು ಇರುತ್ತದೆ ಎಂಬ ಕೇಪ್ ಸ್ಪಾರ್ಟೆಲ್ ನಿಯಮ ಇಲ್ಲಿ ನಡೆಯಲಿಲ್ಲ.

ನೆಲದ ಮೇಲಿನ ರೇಡಿಯೊ ವ್ಯವಸ್ಥೆಗಳ ಕತೆ ಇದಕ್ಕಿಂತ ದುಃಖದ್ದು. ಉಪಗ್ರಹಗಳಿಗೆ ಮೊದಲು ಹಡಗುಗಳು ಲೊರಾನ್-ಸಿ ಎಂಬ ವ್ಯವಸ್ಥೆಯನ್ನು ನೆಚ್ಚಿದ್ದವು. ಎತ್ತರದ ಗೋಪುರಗಳಿಂದ ಬರುವ ಬಹಳ ಬಲವಾದ, ದೀರ್ಘ ತರಂಗದ ಸಂಕೇತ ಅದು, ಅಡಗಿಸುವುದು ಕಷ್ಟ. ನಮ್ಮ ದೇಶದಲ್ಲೂ ಮುಂಬಯಿ ಸರಪಳಿ, ಕಲ್ಕತ್ತಾ ಸರಪಳಿ ಎಂದು ಎರಡಿದ್ದವು. ಅಮೆರಿಕ ಯುರೋಪಿನ ಕೇಂದ್ರಗಳಿಂದ ಹಿಂದೆ ಸರಿಯಲು ಹೊರಟಾಗ ನಾರ್ವೆ, ಡೆನ್ಮಾರ್ಕ್, ಫ್ರಾನ್ಸ್, ಜರ್ಮನಿ, ಐರ್ಲೆಂಡ್, ನೆದರ್‌ಲೆಂಡ್ಸ್ ಸೇರಿ 1992ರಲ್ಲಿ ಒಪ್ಪಂದ ಮಾಡಿಕೊಂಡು ಅದನ್ನು ಜಂಟಿಯಾಗಿ ನಡೆಸಲು ಮುಂದಾದವು. ಐರ್ಲೆಂಡಿನ ಲೂಪ್ ಹೆಡ್ ಎಂಬಲ್ಲಿ ಏಳಬೇಕಿದ್ದ ಗೋಪುರ ಸ್ಥಳೀಯರ ವಿರೋಧದಿಂದ ಏಳಲೇ ಇಲ್ಲ, ಸರಪಳಿಯಲ್ಲೊಂದು ಕೊಂಡಿ ಕಡಿಮೆಯಾಯಿತು. ಉಪಗ್ರಹವಿರುವಾಗ ಇದೇಕೆ ಎಂಬ ಮಾತು ಬಲಿತು, 2005ರ ಕೊನೆಗೆ ಒಪ್ಪಂದ ಮುಗಿಯಿತು. 2010ರ ಫೆಬ್ರವರಿಯಲ್ಲಿ ಅಮೆರಿಕ ತನ್ನ ಲೊರಾನನ್ನು ಆರಿಸಿತು. ಐದು ವರ್ಷದಲ್ಲಿ 19 ಕೋಟಿ ಡಾಲರ್ ಉಳಿಯುತ್ತದೆ ಎಂಬುದು ಕಾರಣ. ನಾರ್ವೆ, ಫ್ರಾನ್ಸ್ 2015ರ ಕೊನೆಯ ದಿನ ಆರಿಸಿದವು. ದಕ್ಷಿಣ ಕೊರಿಯಾ ಇದರ ಎದುರು ದಿಕ್ಕಿಗೆ ನಡೆಯಿತು. ಉತ್ತರ ಕೊರಿಯಾ ಗಡಿಯಾಚೆಯಿಂದ ಜಿಪಿಎಸ್ ಸಂಕೇತವನ್ನು ಮತ್ತೆ ಮತ್ತೆ ಕೆಡಿಸಿ, ಮೀನುಗಾರರು ಬಲೆ ಎತ್ತಿ ಮನೆಗೆ ಮರಳುವಂತಾದಾಗ, ಅದು ಲೊರಾನಿನ ಸುಧಾರಿತ ರೂಪವನ್ನು ಕಟ್ಟಲು ಹೊರಟಿತು. ಆರಿಸಿದವರು ಉಳಿಸಿದ ಹಣ, ಇಂದು ಬಾಲ್ಟಿಕ್ ಸಮುದ್ರದ ಮೇಲೆ ಜಿಪಿಎಸ್ ಸಂಕೇತ ಕೆಟ್ಟು ತೊಡಕಿಗೆ ಸಿಲುಕುವ ವಿಮಾನಗಳ ಮುಂದೆ, ನನಗೆ ಬಹಳ ಚಿಕ್ಕದಾಗಿ ಕಾಣುತ್ತದೆ.

ಹಾಗಾದರೆ ಅಂತರರಾಷ್ಟ್ರೀಯ ನಿಯಮ ಏನೂ ಇಲ್ಲವೇ? ಒಂದಿದೆ, ಅದು ಬಿಗಿಯಾದದ್ದು: ತರಂಗಾಂತರದ ನಿಯಮ. ಟ್ಯಾಂಜಿಯರ್ ಒಪ್ಪಂದವಾದ ತಿಂಗಳಲ್ಲೇ, 1865ರ ಮೇ 17ರಂದು, ಪ್ಯಾರಿಸ್‌ನಲ್ಲಿ ಹುಟ್ಟಿದ ಟೆಲಿಗ್ರಾಫ್ ಒಕ್ಕೂಟವೇ ಇಂದಿನ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ. ಯಾವ ಉಪಗ್ರಹ ಯಾವ ತರಂಗಾಂತರದಲ್ಲಿ ಮಾತಾಡಬೇಕು ಎಂಬುದು ಅಲ್ಲಿ ದಾಖಲಾಗಬೇಕು. ದಾಖಲಿಸಿದ ಮೇಲೆ ಗಡುವಿನೊಳಗೆ ಬಳಸದಿದ್ದರೆ ಹಕ್ಕು ಹೋಗುತ್ತದೆ. ಗೆಲಿಲಿಯೊ ಯೋಜನೆ ಇನ್ನೂ ಹಣದ ಜಗಳದಲ್ಲಿ ಮುಳುಗಿದ್ದಾಗಲೇ ಯುರೋಪು 2005ರ ಡಿಸೆಂಬರ್ 28ರಂದು ಗಿಯೋವ್-ಎ ಎಂಬ ಪುಟ್ಟ ಪ್ರಯೋಗದ ಉಪಗ್ರಹವನ್ನು ಅವಸರವಾಗಿ ಹಾರಿಸಿದ್ದು ಈ ಗಡುವಿಗಾಗಿ.

ಇದೇ ಒಕ್ಕೂಟದ 2003ರ ಸಮ್ಮೇಳನ ಇನ್ನೊಂದು ಸುಂದರ ಕೆಲಸ ಮಾಡಿತು. 1164ರಿಂದ 1215 ಮೆಗಾಹರ್ಟ್ಜ್‌ವರೆಗಿನ ಪಟ್ಟಿಯಲ್ಲಿ ವಿಮಾನಗಳಿಗೆ ದೂರ ತಿಳಿಸುವ ನೆಲದ ಯಂತ್ರಗಳೂ ಮಾತಾಡುತ್ತವೆ, ಹೊಸ ಉಪಗ್ರಹಗಳೂ ಮಾತಾಡುತ್ತವೆ. ನಾವಿಕ್‌ನ ಒಂದು ಸಂಕೇತವೂ ಅಲ್ಲೇ ಇದೆ. ಎಲ್ಲ ಉಪಗ್ರಹಗಳ ಸಂಕೇತವನ್ನು ಒಟ್ಟು ಕೂಡಿದರೂ ಒಂದು ಮಿತಿಯನ್ನು ಮೀರಬಾರದು ಎಂದು ಸಮ್ಮೇಳನ ಗೊತ್ತುಪಡಿಸಿತು. ಆ ಮೊತ್ತವನ್ನು ಲೆಕ್ಕ ಹಾಕಲು ವ್ಯವಸ್ಥೆಗಳನ್ನು ನಡೆಸುವ ದೇಶಗಳೇ ಒಂದು ಮೇಜಿನ ಸುತ್ತ ಕೂರುತ್ತವೆ. ರಾಜಕೀಯದಲ್ಲಿ ಮುಖ ನೋಡದವರೂ ಅಲ್ಲಿ ತಮ್ಮ ಅಂಕಿಗಳನ್ನು ಒಬ್ಬರ ಮುಂದೊಬ್ಬರು ಇಡಬೇಕು. ಆದರೆ ದೂರಸಂಪರ್ಕ ಒಕ್ಕೂಟ ನೋಡುವುದು ಒಬ್ಬರ ಮಾತು ಇನ್ನೊಬ್ಬರ ಮಾತಿಗೆ ಅಡ್ಡ ಬರುತ್ತದೆಯೇ ಎಂಬುದನ್ನು ಮಾತ್ರ. ಮಾತೇ ನಿಂತುಹೋದರೆ ಕೇಳುವ ಅಧಿಕಾರ ಅದಕ್ಕಿಲ್ಲ.

ಆ ಅಧಿಕಾರದ ಹತ್ತಿರ ಬಂದದ್ದು ಐಕಾವೊ. 1998ರಲ್ಲಿ ಅದರ ಮಹಾಸಭೆ, ಉಪಗ್ರಹ ಸಂಚಾರ ಸೇವೆಗಳ ವಿಷಯದಲ್ಲಿ ದೇಶಗಳ ಹಕ್ಕು ಬಾಧ್ಯತೆಗಳ ಸನ್ನದನ್ನು ಅಂಗೀಕರಿಸಿತು. ಎಲ್ಲ ದೇಶಗಳ ವಿಮಾನಗಳಿಗೂ ಭೇದವಿಲ್ಲದೆ ಸೇವೆ ಸಿಗಬೇಕು, ಸೇವೆ ಎಡೆಬಿಡದೆ ನಡೆಯಬೇಕು, ಅದಕ್ಕಾಗಿ ಕೊಡುವವರು ತಮ್ಮಿಂದಾದದ್ದನ್ನೆಲ್ಲ ಮಾಡಬೇಕು ಎಂದು ಅದು ಹೇಳುತ್ತದೆ. ಒಳ್ಳೆಯ ಮಾತುಗಳು. ಆದರೆ ಅದು ಠರಾವು, ಒಪ್ಪಂದವಲ್ಲ; ಯಾರನ್ನೂ ಕಟ್ಟಿಹಾಕುವುದಿಲ್ಲ. ಬದ್ಧ ಒಪ್ಪಂದವೊಂದು ಬೇಕೇ ಎಂಬ ಚರ್ಚೆ ವರ್ಷಗಟ್ಟಲೆ ನಡೆದು ಅಲ್ಲೇ ನಿಂತಿತು. ಸಂಕೇತದಲ್ಲಿ ತಪ್ಪಾಗಿ ಅಪಘಾತವಾದರೆ ಪರಿಹಾರ ಯಾರು ಕೊಡಬೇಕು ಎಂಬ ಪ್ರಶ್ನೆಯೂ ಹಾಗೆಯೇ ಉಳಿದಿದೆ.

ತಪ್ಪುಗಳೇನೂ ಕಲ್ಪನೆಯಲ್ಲ. 2014ರ ಏಪ್ರಿಲ್ 1ರಂದು ಗ್ಲೊನಾಸ್‌ನ ಉಪಗ್ರಹಗಳೆಲ್ಲ ಸುಮಾರು ಹನ್ನೊಂದು ಗಂಟೆ ತಮ್ಮ ಸ್ಥಾನವನ್ನೇ ತಪ್ಪಾಗಿ ಹೇಳಿದವು. 2016ರ ಜನವರಿಯಲ್ಲಿ ಅಮೆರಿಕ ಒಂದು ಹಳೆಯ ಉಪಗ್ರಹವನ್ನು ಸೇವೆಯಿಂದ ತೆಗೆಯುವಾಗ ಜಿಪಿಎಸ್ ಸಾರುವ ಸಮಯ 13.7 ಮೈಕ್ರೊಸೆಕೆಂಡು ತಪ್ಪಿತು. ಬ್ರಿಟನ್ನಿನ ಡಿಜಿಟಲ್ ಬಾನುಲಿ ಪ್ರಸಾರಕ್ಕೂ ಅದರ ಬಿಸಿ ತಟ್ಟಿತು. 2019ರ ಜುಲೈನಲ್ಲಿ ಗೆಲಿಲಿಯೊ ಸುಮಾರು ಒಂದು ವಾರ ನಿಂತೇಹೋಯಿತು. ಆಗೆಲ್ಲ ಪ್ರಕಟಣೆಗಳು ಬಂದವು. ನಮಗೆ ಉತ್ತರ ಹೇಳಬೇಕಾದವರು ಯಾರು ಎಂಬುದಕ್ಕೆ ಯಾವ ಪ್ರಕಟಣೆಯಲ್ಲೂ ಜಾಗವಿರಲಿಲ್ಲ.

ವ್ಯವಸ್ಥೆಗಳನ್ನು ನಡೆಸುವ ದೇಶಗಳು ಕೂತು ಮಾತಾಡುವ ಒಂದು ಜಾಗವಿದೆ. ವಿಶ್ವಸಂಸ್ಥೆಯ ಆಸರೆಯಲ್ಲಿ 2005ರಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಸಮಿತಿ ಅದು. ವಿಯೆನ್ನಾದಲ್ಲಿರುವ ಬಾಹ್ಯಾಕಾಶ ವ್ಯವಹಾರಗಳ ಕಚೇರಿ ಅದರ ಕಾರ್ಯದರ್ಶಿ. ಈ ಸಮಿತಿಯ ಎರಡನೆಯ ಸಭೆ ನಡೆದದ್ದು ನಮ್ಮ ಬೆಂಗಳೂರಿನಲ್ಲಿ, 2007ರ ಸೆಪ್ಟೆಂಬರ್‌ನಲ್ಲಿ. ಸೇವೆ ಕೊಡುವ ದೇಶಗಳದೇ ಒಂದು ವೇದಿಕೆ ರೂಪುಗೊಂಡದ್ದು ಆ ಸಭೆಯಲ್ಲೇ. 2019ರಲ್ಲಿ ಸಮಿತಿ ಮತ್ತೆ ಬೆಂಗಳೂರಿಗೆ ಬಂತು. ಒಬ್ಬರ ಸಂಕೇತ ಇನ್ನೊಬ್ಬರದಕ್ಕೆ ಅಡ್ಡಿಯಾಗಬಾರದು, ಒಂದೇ ಉಪಕರಣ ಎಲ್ಲರ ಸಂಕೇತವನ್ನೂ ಬಳಸುವಂತಿರಬೇಕು, ನಾಗರಿಕ ಸಂಕೇತದ ವಿವರಗಳನ್ನು ಎಲ್ಲರೂ ಪ್ರಕಟಿಸಬೇಕು ಎಂಬ ಒಪ್ಪಿಗೆಗಳು ಇಲ್ಲಿ ಮೂಡಿದವು. ನಿಮ್ಮ ಫೋನು ಐದಾರು ವ್ಯವಸ್ಥೆಗಳ ಮಾತನ್ನು ಒಟ್ಟಿಗೆ ಕೇಳಬಲ್ಲದಾದರೆ ಅದರ ಹಿಂದೆ ಈ ಸಭೆಗಳ ಶ್ರಮವಿದೆ. ಆದರೆ ಇದು ಒಮ್ಮತದ ಸಮಿತಿ. ಅದರ ಮಾತು ಶಿಫಾರಸು. ಖಜಾನೆಯೂ ಇಲ್ಲ, ಬೆತ್ತವೂ ಇಲ್ಲ.

ಇದಕ್ಕಿಂತ ಹೆಚ್ಚಿನದು ಸಾಧ್ಯವೇ ಇಲ್ಲ ಎನ್ನುವವರಿಗೆ ನಾನು ಕಾಸ್ಪಾಸ್-ಸಾರ್‌ಸಾಟ್ ಹೆಸರು ಹೇಳುತ್ತೇನೆ. ಹಡಗು, ವಿಮಾನ ಅಪಾಯಕ್ಕೆ ಸಿಕ್ಕಾಗ ಅದರ ಪುಟ್ಟ ಬೀಕನ್ ಕೂಗುವ ಕೂಗನ್ನು ಉಪಗ್ರಹದಿಂದ ಕೇಳಿ ರಕ್ಷಣಾ ದಳಕ್ಕೆ ತಿಳಿಸುವ ವ್ಯವಸ್ಥೆ ಅದು. ಶೀತಲ ಸಮರದ ನಡುವೆ, 1979ರಲ್ಲಿ, ಅಮೆರಿಕ, ಸೋವಿಯತ್ ಒಕ್ಕೂಟ, ಕೆನಡಾ, ಫ್ರಾನ್ಸ್ ಸೇರಿ ಶುರು ಮಾಡಿದವು. 1982ರಲ್ಲಿ ಸೋವಿಯತ್ ಉಪಗ್ರಹವೊಂದು ಕೆನಡಾದಲ್ಲಿ ಬಿದ್ದ ಸಣ್ಣ ವಿಮಾನದ ಕೂಗನ್ನು ಕೇಳಿಸಿಕೊಂಡಿತು, ಮೂವರು ಬದುಕಿದರು. ಆ ನಾಲ್ಕು ದೇಶಗಳು 1988ರಲ್ಲಿ ಪ್ಯಾರಿಸ್‌ನಲ್ಲಿ ಸರ್ಕಾರಗಳ ನಡುವಿನ ಬದ್ಧ ಒಪ್ಪಂದಕ್ಕೇ ಸಹಿ ಹಾಕಿದವು. ತನ್ನ ಉಪಗ್ರಹದ, ತನ್ನ ನೆಲದ ಕೇಂದ್ರದ ಖರ್ಚು ಆಯಾ ದೇಶದ್ದು; ಕಚೇರಿಯ ಸಾಮಾನ್ಯ ಖರ್ಚಿಗೆ ಎಲ್ಲರ ವಂತಿಗೆ; ಅಪಾಯದಲ್ಲಿರುವವನಿಂದ ಒಂದು ಕಾಸೂ ಕೇಳುವುದಿಲ್ಲ. ಭಾರತವೂ ಅದರಲ್ಲಿ ಭಾಗಿ, ನಮ್ಮ ನಿಯಂತ್ರಣ ಕೇಂದ್ರ ಬೆಂಗಳೂರಿನಲ್ಲಿದೆ. ಕ್ಷಿಪಣಿಗಳನ್ನು ಪರಸ್ಪರ ಗುರಿ ಇಟ್ಟುಕೊಂಡಿದ್ದ ದೇಶಗಳಿಗೆ ಇದು ಸಾಧ್ಯವಾಯಿತು.

ಈಗ ನಮ್ಮ ಮನೆಯ ದೀಪದ ಮಾತು. 2006ರಲ್ಲಿ 1,420 ಕೋಟಿ ರೂಪಾಯಿಗೆ ಮಂಜೂರಾದ ಯೋಜನೆಯ ಮೊದಲ ಉಪಗ್ರಹ 2013ರ ಜುಲೈ 1ರಂದು ಹಾರಿತು, ಏಳನೆಯದು 2016ರ ಏಪ್ರಿಲ್‌ನಲ್ಲಿ. ಆಗಲೇ ಅದಕ್ಕೆ ನಾವಿಕ್ ಎಂಬ ಹೆಸರು ಬಂತು. ಈ ಉಪಗ್ರಹಗಳ ಸಮಯವನ್ನು ಹಿಡಿದಿಡುವ ಕೇಂದ್ರ ಬೆಂಗಳೂರಿನ ಹೊರವಲಯದ ಬ್ಯಾಲಾಳು ಗ್ರಾಮದಲ್ಲಿದೆ. ಉಪಗ್ರಹಗಳನ್ನು ಅವುಗಳ ಕಕ್ಷೆಯಲ್ಲಿ ನಿಲ್ಲಿಸಿ ನೋಡಿಕೊಳ್ಳುವವರು ಹಾಸನದ ಮುಖ್ಯ ನಿಯಂತ್ರಣ ಕೇಂದ್ರದವರು. ಇದು ಕನ್ನಡ ನೆಲದಿಂದ ನಡೆಯುವ ದೀಪ ಎಂದು ಹೇಳಿಕೊಳ್ಳುವಾಗ ನನಗೆ ಹಿಗ್ಗು ಇದೆ. ಅಷ್ಟೇ ಆತಂಕವೂ ಇದೆ. ವಿದೇಶದಿಂದ ತಂದ ರುಬಿಡಿಯಂ ಗಡಿಯಾರಗಳಲ್ಲಿ ಹಲವು ಕೆಟ್ಟವು. ಮೊದಲ ಉಪಗ್ರಹದ ಮೂರೂ ಗಡಿಯಾರ ನಿಂತವು. ಅದರ ಬದಲಿಗೆ 2017ರಲ್ಲಿ ಹಾರಿಸಿದ ಉಪಗ್ರಹ ರಾಕೆಟ್ಟಿನ ಕವಚ ತೆರೆಯದೆ ನಷ್ಟವಾಯಿತು. 2023ರ ಮೇನಲ್ಲಿ ಸ್ವದೇಶಿ ಪರಮಾಣು ಗಡಿಯಾರ ಹೊತ್ತ ಉಪಗ್ರಹ ಯಶಸ್ವಿಯಾಗಿ ಮೇಲೇರಿತು. 2025ರ ಜನವರಿಯಲ್ಲಿ ಹೋದ ಮುಂದಿನದು ತನ್ನ ಕಕ್ಷೆ ತಲುಪಲಿಲ್ಲ. ಆ ವರ್ಷ ಸರ್ಕಾರವೇ ಸಂಸತ್ತಿಗೆ ಹೇಳಿದಂತೆ, ಸ್ಥಾನ ತಿಳಿಸುವ ಸೇವೆಯನ್ನು ಪೂರ್ಣವಾಗಿ ಕೊಡುತ್ತಿದ್ದ ಉಪಗ್ರಹಗಳು ನಾಲ್ಕು. ಒಂದು ಉಪಕರಣ ತನ್ನ ಜಾಗ ಕಂಡುಕೊಳ್ಳಲು ಬೇಕಾದ ಕನಿಷ್ಠ ಸಂಖ್ಯೆಯೂ ನಾಲ್ಕೇ.

2019ರ ಏಪ್ರಿಲ್‌ನಿಂದ ಹೊಸ ಸಾರ್ವಜನಿಕ ಸಾರಿಗೆ ವಾಹನಗಳಲ್ಲಿ ನಾವಿಕ್ ಸಂಕೇತ ಹಿಡಿಯಬಲ್ಲ ಸಾಧನ ಕಡ್ಡಾಯ ಮಾಡಿದ್ದೇವೆ. ಕಡ್ಡಾಯ ಮಾಡಿದ ಮೇಲೆ ದೀಪ ಆರದಂತೆ ನೋಡಿಕೊಳ್ಳುವುದೂ ನಮ್ಮ ಕರ್ತವ್ಯ. ನಮ್ಮ ಕರಾವಳಿಯ ದೀಪಸ್ತಂಭಗಳಿಗೆ ಈ ಬುದ್ಧಿ ಮೊದಲಿನಿಂದಲೂ ಇತ್ತು. 1901ರಲ್ಲಿ ಕಟ್ಟಿದ ಕಾಪುವಿನ ದೀಪಸ್ತಂಭವನ್ನೂ ಒಳಗೊಂಡಂತೆ, ದೇಶದ ದೀಪಗಳ ನಿರ್ವಹಣೆಗೆ ಬಂದರಿಗೆ ಬರುವ ಹಡಗುಗಳಿಂದ ದೀಪಶುಲ್ಕ ತೆಗೆದುಕೊಳ್ಳುವ ಪದ್ಧತಿಯನ್ನು 1927ರ ಕಾಯಿದೆ ನಡೆಸಿಕೊಂಡು ಬಂತು, 2021ರ ಹೊಸ ಕಾಯಿದೆಯೂ ಉಳಿಸಿಕೊಂಡಿದೆ. ಆ ಹಣಕ್ಕೆ ಗೊತ್ತಾದ ಕೆಲಸವಿದೆ. ನಾವಿಕ್‌ಗೂ ಅಂಥ ಗೊತ್ತಾದ ವರ್ಷವರ್ಷದ ಹಣ ಬೇಕು. ಉಪಗ್ರಹ ಸತ್ತ ಮೇಲೆ ಕಡತ ತೆರೆಯುವುದಲ್ಲ. ಸಾಯುವ ಮೊದಲೇ ಬದಲಿ ಉಪಗ್ರಹ ಆಕಾಶದಲ್ಲಿ ಕಾದಿರಬೇಕು.

2025ರ ಡಿಸೆಂಬರ್‌ನಲ್ಲಿ ನಾಗರಿಕ ವಿಮಾನಯಾನ ಸಚಿವರು ದೆಹಲಿ, ಮುಂಬಯಿ, ಬೆಂಗಳೂರು ಸೇರಿ ಹಲವು ನಿಲ್ದಾಣಗಳ ಸುತ್ತ ಜಿಪಿಎಸ್ ಸಂಕೇತಕ್ಕೆ ಅಡ್ಡಿ, ಸುಳ್ಳು ಸಂಕೇತಗಳ ವರದಿಯಾಗಿದೆ ಎಂದು ಸಂಸತ್ತಿಗೆ ತಿಳಿಸಿದರು. ನೆಲದ ಮೇಲಿನ ಹಳೆಯ ರೇಡಿಯೊ ಸಾಧನಗಳನ್ನು ಕನಿಷ್ಠ ಪ್ರಮಾಣದಲ್ಲಾದರೂ ಉಳಿಸಿಕೊಂಡಿದ್ದರಿಂದ ವಿಮಾನಗಳು ಸುರಕ್ಷಿತವಾಗಿ ಇಳಿದವು. ಉಳಿಸಿಕೊಂಡವರಿಗೆ ಧನ್ಯವಾದ ಸಲ್ಲಬೇಕು. ಅದೇ ವರ್ಷದ ಮಾರ್ಚ್‌ನಲ್ಲಿ ದೂರಸಂಪರ್ಕ ಒಕ್ಕೂಟ, ಐಕಾವೊ ಮತ್ತು ಅಂತರರಾಷ್ಟ್ರೀಯ ಕಡಲಯಾನ ಸಂಸ್ಥೆ ಮೂರೂ ಸೇರಿ, ಇಂಥ ಅಡ್ಡಿಗಳಿಂದ ಈ ಸಂಕೇತಗಳನ್ನು ಕಾಪಾಡಿ, ಸಾಂಪ್ರದಾಯಿಕ ಸಾಧನಗಳನ್ನು ಉಳಿಸಿಕೊಳ್ಳಿ ಎಂದು ದೇಶಗಳಿಗೆ ಕರೆ ಕೊಟ್ಟಿದ್ದವು. ಕರೆ ಕೊಡುವುದಷ್ಟೇ ಅವುಗಳ ಕೈಯಲ್ಲಿದೆ.

ನಾವಿಕ್ ಸಂಕೇತ ಭಾರತದ ಗಡಿಯಾಚೆಗೂ 1,500 ಕಿಲೋಮೀಟರ್ ಹಬ್ಬುತ್ತದೆ. ಶ್ರೀಲಂಕಾ, ನೇಪಾಳ, ಭೂತಾನ್, ಬಾಂಗ್ಲಾದೇಶ, ಮಾಲ್ಡೀವ್ಸ್ ಎಲ್ಲ ಅದರೊಳಗಿವೆ. ಅಮೆರಿಕದ ಎದುರು ನಾವು ಹೇಗೆ ನಿಂತಿದ್ದೇವೋ, ನಮ್ಮ ಎದುರು ಆ ದೇಶಗಳು ಹಾಗೆ ನಿಂತಿವೆ. ಅವರ ಮೀನುಗಾರ ನಮ್ಮ ಸಂಕೇತ ನಂಬಿ ದೋಣಿ ತಿರುಗಿಸಿದರೆ, ಅದು ನಾಳೆಯೂ ಇರುತ್ತದೆಯೇ ಎಂದು ಕೇಳುವ ಹಕ್ಕು ಅವನಿಗಿರಬೇಕು. ಬೇರೆಯವರಿಂದ ನಾವು ಬಯಸುವ ಕಾಗದವನ್ನು ಮೊದಲು ನಾವು ಬರೆದುಕೊಡಬಹುದು. ನಾಗರಿಕ ಸಂಕೇತವನ್ನು ಬೇಕೆಂದೇ ಕೆಡಿಸುವುದಿಲ್ಲ. ನಿಲ್ಲಿಸಬೇಕಾಗಿ ಬಂದರೆ ಇಷ್ಟು ದಿನ ಮೊದಲು ತಿಳಿಸುತ್ತೇವೆ. ಉಪಗ್ರಹಗಳ ಆರೋಗ್ಯದ ವರದಿಯನ್ನು ಪ್ರತಿ ವರ್ಷ ಪ್ರಕಟಿಸುತ್ತೇವೆ. ತಪ್ಪಾದರೆ ವಿಚಾರಿಸಲು ಇಂಥ ಕಚೇರಿ ಇದೆ. ನೆರೆಯ ದೇಶಗಳು ಅಳತೆ ಕೇಂದ್ರಗಳಿಗೆ ಜಾಗವನ್ನೋ ಸಿಬ್ಬಂದಿಯನ್ನೋ ತಮ್ಮ ಪಾಲಿನ ವಂತಿಗೆಯಾಗಿ ಕೊಟ್ಟರೆ, ಆಡಳಿತ ಮಂಡಳಿಯಲ್ಲಿ ಅವರಿಗೂ ಒಂದೊಂದು ಕುರ್ಚಿ ಹಾಕಬೇಕು. ಇಂಥ ಕರಡನ್ನು ಬೆಂಗಳೂರಿನಲ್ಲೇ ಹುಟ್ಟಿದ ಆ ವೇದಿಕೆಯ ಮುಂದಿನ ಸಭೆಯಲ್ಲಿ ಭಾರತ ಮಂಡಿಸಬೇಕು. ಅದಕ್ಕೆ ಹೊಸ ಉಪಗ್ರಹವೇನೂ ಬೇಕಾಗಿಲ್ಲ. ವಿದೇಶಾಂಗ ಇಲಾಖೆಯ ಮತ್ತು ಬಾಹ್ಯಾಕಾಶ ಇಲಾಖೆಯ ನಾಲ್ಕು ಮಂದಿ ಅಧಿಕಾರಿಗಳು, ಒಬ್ಬ ಒಳ್ಳೆಯ ವಕೀಲರು, ಮತ್ತು ಹಣಕಾಸು ಇಲಾಖೆಯ ಒಪ್ಪಿಗೆ ಸಾಕು.